ದೊಡ್ಡಮ್ಮನ ಮಲ್ಲಿಗೆ ಲೆಕ್ಕ

ಉಡುಪಿ ಹತ್ತಿರದ ಶಂಕರಪುರದಲ್ಲಿ ನನ್ನ ದೊಡ್ಡಮ್ಮನಿಗೆ ನಲವತ್ತು ಮಲ್ಲಿಗೆ ಗಿಡ ಉಂಟು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕಳಿಸಿದ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುತ್ತಾರೆ. ಇವತ್ತು ಎಷ್ಟು ಅಟ್ಟೆ, ಎಷ್ಟು ಚೆಂಡು (ಎರಡೂ ಕಟ್ಟಿದ ಮಲ್ಲಿಗೆಯ ಅಳತೆ), ರೇಟು ಎಷ್ಟು. ದಿನಾ ರೇಟು ಬದಲಾಗುವ ವ್ಯಾಪಾರ. ಬರೆದಿಡದಿದ್ದರೆ ತಿಂಗಳ ಕೊನೆಗೆ ಜಗಳವೇ.

ಹೋದ ವರ್ಷ ಒಂದು ದಿನ ಫೋನ್ ಬಂತು. "ಮೇಲೆ ಕೆಂಪು ಪಟ್ಟಿ ಬಂದಿದೆ, ಹೊಸ ಸಾಲು ಬರೆಯಲಿಕ್ಕೇ ಬಿಡುವುದಿಲ್ಲ ಮಾರಾಯ." ಹೋಗಿ ನೋಡಿದರೆ, ಲ್ಯಾಪ್‌ಟಾಪ್ ಮಾರಿದವರು ಮೈಕ್ರೋಸಾಫ್ಟ್ ಆಫೀಸಿನ ಕದ್ದ ಪ್ರತಿ ಹಾಕಿಕೊಟ್ಟಿದ್ದರು. ದೊಡ್ಡಮ್ಮನದೇ ಲೆಕ್ಕ, ಓದಬಹುದು, ಮುಟ್ಟುವ ಹಾಗಿಲ್ಲ! ಅಲ್ಲೇ ಕೂತು ಲಿಬ್ರೆ ಆಫೀಸ್ ಹಾಕಿದೆ, ಅದೇ ಕೆಲಸ ಮಾಡುವ ಬಿಟ್ಟಿ ತಂತ್ರಾಂಶ. ಹಳೆಯ ಫೈಲ್ ಅದರ ಲೆಕ್ಕದ ಭಾಗವಾದ ಕ್ಯಾಲ್ಕ್‌ನಲ್ಲಿ ತೆರೆಯಿತು.

ಉತ್ಸಾಹದಲ್ಲಿ ಮೆನುವನ್ನೂ ಕನ್ನಡ ಮಾಡಿದೆ. "ಕಡತ ಅಂದ್ರೆ ಎಂತ? ನನ್ನ ಫೈಲ್ ಎಲ್ಲಿ ಹೋಯ್ತು?" ಅಂತ ಬೈಸಿಕೊಂಡೆ. (ಬೈದದ್ದು ತುಳುವಿನಲ್ಲಿ. ಇಲ್ಲಿ ಸ್ವಲ್ಪ ಮೆತ್ತಗೆ ಮಾಡಿ ಬರೆದಿದ್ದೇನೆ.) ಸುಮ್ನೆ ಇಂಗ್ಲಿಷಿಗೇ ವಾಪಸ್ ತಂದೆ.

ನಿಜವಾದ ತಲೆನೋವು ಗೊತ್ತಾದದ್ದು ಎರಡು ವಾರದ ನಂತರ. ಎರಡು ಅಟ್ಟೆ, ಮೂರು ಚೆಂಡು ಹೂವನ್ನು ದೊಡ್ಡಮ್ಮ ಪುಸ್ತಕದಲ್ಲಿ 2.3 ಅಂತ ಬರೆಯುವವರು. ಕ್ಯಾಲ್ಕ್‌ನಲ್ಲೂ ಹಾಗೇ ಬರೆಯುತ್ತಾ ಬಂದರು. ಒಟ್ಟು ಮೊತ್ತ ಮಾತ್ರ ಬಾಯಿಲೆಕ್ಕವೇ ಮಾಡುತ್ತಿದ್ದರು. ಅದನ್ನೂ ಯಂತ್ರವೇ ಮಾಡಲಿ ಅಂತ ನಾನು ಸೂತ್ರ ಹಾಕಿಕೊಟ್ಟಿದ್ದೆ ನೋಡಿ, ಅಲ್ಲೇ ಎಡವಟ್ಟು. ಅಟ್ಟೆಗೆ ನಾಲ್ಕು ಚೆಂಡು ಅಂತ ಕ್ಯಾಲ್ಕ್‌ಗೆ ಯಾರು ಹೇಳಬೇಕು? ಅಟ್ಟೆಗೆ 800 ರೂಪಾಯಿ ಇದ್ದ ದಿನ 2,200 ಬರಬೇಕಾದಲ್ಲಿ 1,840 ತೋರಿಸಿತು. "360 ರೂಪಾಯಿ ನಿನ್ನ ಬಿಟ್ಟಿ ಆಫೀಸು ನುಂಗಿತು" ಅಂದರು. ಅಟ್ಟೆಗೊಂದು, ಚೆಂಡಿಗೊಂದು ಅಂತ ಎರಡು ಕಂಬಸಾಲು ಮಾಡಿ, ಚೆಂಡನ್ನು ನಾಲ್ಕರಿಂದ ಭಾಗಿಸಿ ಸೇರಿಸಿದ ಮೇಲೆ ಸರಿಯಾಯಿತು.

ಆವತ್ತಿನಿಂದ ಯಾರಿಗೆ ಹಾಕಿಕೊಟ್ಟರೂ ಸ್ವತಂತ್ರ ತಂತ್ರಾಂಶದ ಬಗ್ಗೆ ಭಾಷಣ ಮಾಡುವುದಿಲ್ಲ. ಎರಡು ವಾರ ಬಿಟ್ಟು ಒಮ್ಮೆ ಹೋಗಿ, ಪಕ್ಕದಲ್ಲಿ ಕೂತು ನೋಡುತ್ತೇನೆ. ಭಜನಾ ಮಂಡಳಿಯವರ ಕಷ್ಟವೂ ಹಾಗೇ ತಿಳಿದದ್ದು. ಲಿಬ್ರೆ ಆಫೀಸ್‌ನ .ಒಡಿಟಿ ಮಾದರಿಯಲ್ಲಿ ಉಳಿಸಿದ ಅವರ ಪತ್ರ ಒಂದು ಕಚೇರಿಯಲ್ಲಿ ".ಒಡಿಟಿ ಫೈಲ್ ನಮಗೆ ಬೇಡ" ಅಂತ ವಾಪಸ್ ಬಂದಿತ್ತಂತೆ. 2006ರಲ್ಲೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒ ಒಪ್ಪಿದ ಮಾದರಿ ಅದು ಅಂತ ಅಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ. ಪಿಡಿಎಫ್ ಮಾಡುವ ಗುಂಡಿ ತೋರಿಸಿಕೊಟ್ಟೆ, ಮುಗಿಯಿತು.

ದೊಡ್ಡಮ್ಮನಿಗೆ ಮಾತ್ರ ಒಂದು ಸಂಶಯ. "ಬಿಟ್ಟಿ ಕೊಟ್ಟರೆ ಅವರಿಗೆ ಎಂತ ಸಿಗ್ತದೆ?" ನಾನು ಕಥೆ ಶುರು ಮಾಡಿದೆ. ಜರ್ಮನಿಯ ಕಂಪನಿಯೊಂದು ಮಾಡಿದ ಸ್ಟಾರ್ ಆಫೀಸ್, 1999ರಲ್ಲಿ ಅಮೆರಿಕದ ಸನ್ ಕಂಪನಿ ಅದನ್ನು ಕೊಂಡದ್ದು, ಮರುವರ್ಷ ಓಪನ್ ಆಫೀಸ್ ಆಗಿ ಎಲ್ಲರಿಗೂ ತೆರೆದದ್ದು. 2010ರಲ್ಲಿ ಸನ್ ಒರಾಕಲ್ ಎಂಬ ಇನ್ನೊಂದು ಕಂಪನಿಯ ಪಾಲಾಯಿತು, ಕೆಲಸ ಮಾಡುತ್ತಿದ್ದವರಲ್ಲಿ ಹಲವರು ಬೇರೆಯಾಗಿ ಲಿಬ್ರೆ ಆಫೀಸ್ ಕಟ್ಟಿದರು. ಅದನ್ನು ನೋಡಿಕೊಳ್ಳುವ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ಬರ್ಲಿನ್‌ನಲ್ಲಿದೆ, ನಡೆಯುವುದು ಜನ ಕೊಡುವ ಕಾಣಿಕೆಯಿಂದ.

ಕಾಣಿಕೆ ಅಂದದ್ದೇ ಅವರಿಗೆ ಎಲ್ಲ ಅರ್ಥವಾಯಿತು. "ಹಾಗಾದ್ರೆ ನನ್ನ ಲೆಕ್ಕದಲ್ಲಿ ಒಂದು ಅಟ್ಟೆಯ ದುಡ್ಡು ಕಳಿಸು." ನಾನು ಫೋನ್ ತೆಗೆಯುವಷ್ಟರಲ್ಲಿ ಮತ್ತೆ ಹೇಳಿದರು, "ಮದುವೆ-ಗಿದುವೆ ಇಲ್ಲದ ಆಟಿ ತಿಂಗಳ ರೇಟು ಹಿಡಿ. ಚೌತಿಯದ್ದಲ್ಲ."