ದರಕಿನ ರಾಶಿ ಬಿಸಿಯಾಗುವುದೇಕೆ, ಪೊಟ್ಯಾಷ್ ಹೋಗುವುದೆಲ್ಲಿಗೆ

ದರಕು, ಅಂದರೆ ಉದುರಿದ ಒಣ ಎಲೆ, ಸೇರಿಸಿ ಗೊಬ್ಬರದ ರಾಶಿ ಹಾಕಿ ವಾರವಾದ ಮೇಲೆ ಕಬ್ಬಿಣದ ಸರಳೊಂದನ್ನು ನಡುವಿಗೆ ಚುಚ್ಚಿ, ಐದು ನಿಮಿಷ ಬಿಟ್ಟು ಎಳೆದು ತುದಿ ಮುಟ್ಟಿ ನೋಡಿ. ಚುರ್ ಎಂದು ಕೈ ಬಿಡುವಂತಾದರೆ ರಾಶಿ ಚೆನ್ನಾಗಿ ಕಾದಿದೆ, ಒಳಗೆ 55–65 ಡಿಗ್ರಿ ಇರುತ್ತದೆ. ಸೊಪ್ಪಿನ ಬೆಟ್ಟದ (ಅಡಿಕೆ ತೋಟಕ್ಕೆ ಸೊಪ್ಪು, ದರಕು ತರುವ ಕಾಡು) ಮರಗಳು ಎಲೆಯಲ್ಲಿ ಕಟ್ಟಿಟ್ಟಿದ್ದ ಬಿಸಿಲೇ ಆ ಕಾವು. ಸೂಕ್ಷ್ಮಾಣುಗಳು ಎಲೆ ತಿಂದು ಉಸಿರಾಡುವಾಗ ಅದು ಗಾಳಿಗೆ ಸೇರಿಹೋಗುತ್ತದೆ, ಮರಕ್ಕೆ ಮತ್ತೆ ಸಿಗುವುದಿಲ್ಲ. ಸಾರಜನಕ, ರಂಜಕ, ಪೊಟ್ಯಾಷ್ ಹಾಗಲ್ಲ, ಮಣ್ಣಿಗೂ ಮರಕ್ಕೂ ಸುತ್ತು ಹೊಡೆಯಬಲ್ಲವು, ಸೋರಿಹೋಗದಂತೆ ನೋಡಿಕೊಂಡರೆ.

ಶಾಲೆಯಲ್ಲಿ ಹುಲ್ಲು, ಜಿಂಕೆ, ಹುಲಿ ಎಂದು ಚಿತ್ರ ಬರೆದು, ಒಂದೊಂದು ಮೆಟ್ಟಿಲಿಗೂ ಶಕ್ತಿಯ ಸುಮಾರು ಶೇ. 10 ಮಾತ್ರ ದಾಟುತ್ತದೆ ಎಂಬ ಲೆಕ್ಕ ಹೇಳಿಕೊಡುತ್ತಾರೆ. ಕಾಡಿನಲ್ಲಿ ಎಲೆಯ ಬಹುಪಾಲು ಜಿಂಕೆಯ ಬಾಯಿಗೆ ಹೋಗುವುದೇ ಇಲ್ಲ. ಉದುರಿ ಗೆದ್ದಲು, ಶಿಲೀಂಧ್ರ, ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ಗೊಬ್ಬರಗುಂಡಿಯಲ್ಲಿ ನಡೆಯುವುದೂ ಅದೇ ಕೆಲಸ, ಸ್ವಲ್ಪ ವೇಗವಾಗಿ.

ಸೂಕ್ಷ್ಮಾಣುಗಳಿಗೆ ಒಂದು ಪಾಲು ಸಾರಜನಕಕ್ಕೆ 25–30 ಪಾಲು ಇಂಗಾಲ ಬೇಕು. ಇಂಗಾಲದಲ್ಲಿ ಸುಮಾರು ಮೂರನೇ ಎರಡು ಭಾಗ ಉಸಿರಾಟಕ್ಕೆ ಖರ್ಚು, ಉಳಿದದ್ದು ಮೈಗೆ. ಬರೀ ದರಕಿನಲ್ಲಿ ಇಂಗಾಲ 50 ಪಾಲಿನ ಆಸುಪಾಸು, ಭತ್ತದ ಹುಲ್ಲಿನಲ್ಲಿ 80ರ ಹತ್ತಿರ. ಹಸಿ ಸಗಣಿಯಲ್ಲಿ 20, ಗ್ಲಿರಿಸಿಡಿಯಾ (ಹಸಿರುಗೊಬ್ಬರದ ಗಿಡ) ಸೊಪ್ಪಿನಲ್ಲಿ ಇನ್ನೂ ಕಡಿಮೆ. 100 ಕಿಲೋ ಒಣ ದರಕು, 100 ಕಿಲೋ ಹಸಿ ಗ್ಲಿರಿಸಿಡಿಯಾ, 100 ಕಿಲೋ ಹಸಿ ಸಗಣಿ ಸೇರಿಸಿದರೆ ಅನುಪಾತ ಅಂದಾಜು 30ಕ್ಕೆ ಬಂದು ನಿಲ್ಲುತ್ತದೆ. ತೇವವೂ ಹೆಚ್ಚುಕಡಿಮೆ ಹೊಂದುತ್ತದೆ: ಒಂದು ಹಿಡಿ ಹಿಂಡಿದರೆ ಬೆರಳ ಸಂದಿಯಲ್ಲಿ ಹನಿ ಕಾಣಬೇಕು, ಧಾರೆ ಇಳಿಯಬಾರದು.

ದರಕನ್ನು ಹಾಗೇ ಮಣ್ಣಿಗೆ ಬೆರೆಸಿದರೆ ಸೂಕ್ಷ್ಮಾಣುಗಳು ಕೊರತೆ ಬಿದ್ದ ಸಾರಜನಕವನ್ನು ಮಣ್ಣಿನಿಂದಲೇ ಎತ್ತಿಕೊಳ್ಳುತ್ತವೆ. ಗಿಡದ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಮೇಲೆ ಹೊದಿಕೆಯಾಗಿ ಹಾಸಿದರೆ ಈ ತೊಂದರೆ ಅಷ್ಟಿಲ್ಲ. ಸಗಣಿ, ಹಸಿಸೊಪ್ಪು ಅತಿಯಾದರೆ ಉಲ್ಟಾ: ರಾಶಿ ಮಗುಚುವಾಗ ಕಣ್ಣುರಿಸುವ ಘಾಟು ಬರುತ್ತದೆ. ಅದು ಅಮೋನಿಯಾ, ಅಂದರೆ ನಿಮ್ಮ ಸಾರಜನಕವೇ ಹಾರಿಹೋಗುತ್ತಿದೆ. ದರಕು ಸೇರಿಸಿ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲದು, ಮಗುಚಿ.

ಪೊಟ್ಯಾಷ್ ಹೋಗುವಾಗ ವಾಸನೆಯೂ ಇಲ್ಲ, ಅದಕ್ಕೇ ಯಾರೂ ಗಮನಿಸುವುದಿಲ್ಲ. ಎಲೆಯೊಳಗೆ ಅದು ಯಾವುದಕ್ಕೂ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ. ಮಳೆ ಬಿದ್ದರೆ ನೀರಿನ ಜೊತೆ ಇಳಿದುಬಿಡುತ್ತದೆ. ಜೂನ್‌ನಲ್ಲಿ ಗುಂಡಿಯಿಂದ ಹರಿಯುವ ಚಹಾ ಬಣ್ಣದ ನೀರಿನಲ್ಲಿ ಹೋಗುವುದು ಅದೇ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಶಿಫಾರಸು ಇದೆ. ಎಲ್ಲಕ್ಕಿಂತ ಹೆಚ್ಚು ಬೇಕಾದದ್ದನ್ನೇ ಹಳ್ಳಕ್ಕೆ ಬಿಡುತ್ತೇವೆ. ಗುಂಡಿಗೆ ಸೋಗೆಯ ಚಾವಣಿಯಾದರೂ ಇರಲಿ, ಸುತ್ತ ಮಣ್ಣಿನ ದಂಡೆ ಇರಲಿ. ರಂಜಕ ಅಷ್ಟು ಸುಲಭಕ್ಕೆ ಹರಿಯುವುದಿಲ್ಲ. ನಮ್ಮ ಹುಳಿ ಕೆಂಪುಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದಿಟ್ಟು ಬೇರಿಗೆ ಸಿಗದಂತೆ ಮಾಡುತ್ತವೆ.

ಇಷ್ಟೆಲ್ಲ ಬೆಟ್ಟದ ಖಾತೆಯಿಂದ ತೆಗೆದದ್ದು. ಪ್ರತಿ ವರ್ಷ ದರಕು ಗುಡಿಸಿದ ಬೆಟ್ಟಕ್ಕೆ ವಾಪಸು ಹೋಗುವುದು ಏನೂ ಇಲ್ಲ. ಅಡಿಕೆ ಸಿಪ್ಪೆಯನ್ನು ಸುಡುವ ಬದಲು ಸಗಣಿನೀರಿನಲ್ಲಿ ನೆನೆಸಿ ರಾಶಿಗೆ ಸೇರಿಸಿದರೆ ಬೆಟ್ಟದಿಂದ ಅಷ್ಟು ಹೊರೆ ಕಡಿಮೆ ತಂದರೆ ಸಾಕು. ಲಿಗ್ನಿನ್ (ಬೇಗ ಕೊಳೆಯದ ಗಟ್ಟಿ ಅಂಶ) ಜಾಸ್ತಿ ಇರುವುದರಿಂದ ಸಿಪ್ಪೆ ಕೊಳೆಯುವುದು ನಿಧಾನ. ರಾಶಿಯ ಉಳಿದ ಭಾಗ ಗೊಬ್ಬರವಾದ ಮೇಲೂ ಸಿಪ್ಪೆ ನಾರು ನಾರಾಗಿ ಉಳಿದಿದ್ದರೆ ಜರಡಿ ಹಿಡಿದು ಮುಂದಿನ ರಾಶಿಗೆ ಹಾಕಿ.