‘ನನ್ನದೇನೂ ಇಲ್ಲ ಬಿಡಿ’ ಎನ್ನುವವರ ಸಾಧನೆ

ನಮ್ಮ ಕಾಲೇಜಿನ ತತ್ತ್ವಶಾಸ್ತ್ರ ವಿಭಾಗದ ಅಧ್ಯಾಪಕರ ಚಟುವಟಿಕೆ, ಸಾಧನೆಗಳನ್ನು ಕ್ರೋಡೀಕರಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ಸಂಸ್ಥೆಗೆ ಪ್ರತಿವರ್ಷ ಸಲ್ಲಿಸುವ ಗುಣಮಟ್ಟ ವರದಿಗೆ ಇದೇ ಸಾಮಗ್ರಿ. ನಮೂನೆ ಹಂಚುವುದು, ಕಾಡಿ ಬೇಡಿ ವಾಪಸು ಪಡೆಯುವುದು, ಫೈಲಿಗೆ ಸೇರಿಸುವುದು. ನೋಡುವವರಿಗೆ ಬರೀ ಗುಮಾಸ್ತಿಕೆ. ಆದರೆ ನಮೂನೆಯನ್ನು ಮೇಜಿನ ಮೇಲಿಟ್ಟು ಬಂದರೆ ವರದಿ ಹುಟ್ಟುವುದಿಲ್ಲ, ಎದುರಿಗೆ ಕುಳಿತು ಮಾತನಾಡಿಸಬೇಕು ಎಂಬುದು ಈ ಕೆಲಸದಲ್ಲೇ ತಿಳಿದದ್ದು.

ಹಿರಿಯ ಸಹೋದ್ಯೋಗಿಯೊಬ್ಬರ ನಮೂನೆ ಯಾವಾಗಲೂ ಖಾಲಿ ಬರುತ್ತಿತ್ತು. ‘ನನ್ನದೇನೂ ಇಲ್ಲ ಬಿಡಿ ಮೇಡಂ’ ಎಂದುಬಿಡುತ್ತಿದ್ದರು. ಮಲೆನಾಡಿನ ಸಂಕೋಚ, ಬಡಿಸುವ ಮೊದಲೇ ಎಲೆಗೆ ಕೈ ಅಡ್ಡ ಹಿಡಿಯುವವರು. ಮಳೆಗೆ ತರಗತಿ ನಡೆಯದ ಒಂದು ಮಧ್ಯಾಹ್ನ ಚಹಾ ತರಿಸಿ, ಸಾಧನೆಯ ಮಾತೆತ್ತದೆ ಕೇಳಿದೆ: ‘ಸರ್, ಈ ವರ್ಷ ಮಕ್ಕಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿದ್ದಿರಾ?’

‘ಬಳ್ಳಿಗಾವಿಗೆ ಹೋಗಿದ್ದೆವು. ಅದೇನು ದೊಡ್ಡದು?’

ದೊಡ್ಡದೇ ಆಗಿತ್ತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ಅಲ್ಲಿ ವೇದ, ವ್ಯಾಕರಣಗಳ ಜೊತೆಗೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳ ವ್ಯಾಖ್ಯಾನ ನಡೆಯುತ್ತಿತ್ತು. ಅದೇ ಉಸಿರಿನಲ್ಲಿ ಶಾಸನ ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಇಕ್ಕುತ್ತಿದ್ದುದನ್ನೂ ರೋಗಿಗಳಿಗೆ ಔಷಧ ಕೊಡುತ್ತಿದ್ದುದನ್ನೂ ಹೇಳುತ್ತದೆ. ಇವರು ಶಾಸನದ ಅಚ್ಚಾದ ಪಾಠವನ್ನು ಕೈಗೆ ಕೊಟ್ಟು, ದೇವಸ್ಥಾನದ ಜಗಲಿಯಲ್ಲಿ ಒಬ್ಬೊಬ್ಬರಿಂದ ಒಂದೊಂದು ಸಾಲು ಓದಿಸಿದ್ದರು. ತರ್ಕ ಕಲಿಸುವ ಮಠ ಅನ್ನದ ಲೆಕ್ಕವನ್ನೇಕೆ ಕಲ್ಲಿಗೆ ಹಾಕಿಸಿತು ಎಂದು ಒಬ್ಬಳು ಕೇಳಿದಳಂತೆ. ಮುಂದಿನ ತರಗತಿಗಳೆಲ್ಲ ಆ ವಾದದಲ್ಲೇ ಕಳೆದವು.

ನಮೂನೆಯಲ್ಲಿ ಇದಕ್ಕಿರುವ ಜಾಗ ‘ಕ್ಷೇತ್ರ ಭೇಟಿ’ ಎಂಬ ಒಂದು ಕಲಂ. ಸ್ಥಳ, ದಿನಾಂಕ, ವಿದ್ಯಾರ್ಥಿಗಳ ಸಂಖ್ಯೆ, ಮುಗಿಯಿತು. ನಾನು ಅದರ ಜೊತೆ ಒಂದು ಪುಟ ಲಗತ್ತಿಸಿದೆ: ಓದಿದ ಸಾಲುಗಳು, ಎದ್ದ ಪ್ರಶ್ನೆ, ಮಕ್ಕಳು ಬರೆದ ಟಿಪ್ಪಣಿ. ದಾಖಲೆಗೆ ಬೇಕಾದಂತೆ ಮೊಬೈಲ್‌ನಲ್ಲಿ ಲೊಕೇಶನ್ ಆನ್ ಇದ್ದು ತೆಗೆದ ಫೋಟೊ ಒಂದೇ ಸಿಕ್ಕಿತು, ಅದರಲ್ಲಿ ಎಲ್ಲರೂ ಚಿತ್ರಾನ್ನ ತಿನ್ನುತ್ತಿದ್ದಾರೆ. ಅದನ್ನೇ ಹಾಕಿದೆ.

ಅಂದಿನಿಂದ ‘ಕಾರ್ಯಕ್ರಮ ಯಶಸ್ವಿಯಾಗಿ ನೆರವೇರಿತು’ ಎಂಬ ವಾಕ್ಯವನ್ನು ಕಂಡಲ್ಲೆಲ್ಲ ಹೊಡೆದುಹಾಕುತ್ತೇನೆ. ನವೆಂಬರ್‌ನ ಮೂರನೇ ಗುರುವಾರ ವಿಶ್ವ ತತ್ತ್ವಶಾಸ್ತ್ರ ದಿನ. ಆ ದಿನದ ವರದಿಗೂ ಅತಿಥಿಗಳ ಹಾರ, ಶಾಲು ಬೇಡ, ಸಭೆಯಲ್ಲಿ ಯಾರು ಏನನ್ನು ಒಪ್ಪಲಿಲ್ಲ ಎಂಬುದು ಬೇಕು.

ಅಧ್ಯಾಪಕರ ಸಂಶೋಧನೆ, ಬರವಣಿಗೆಗೆ ಕೊಡುವ ಅಂಕಗಳ ವಿಷಯ ಬೇರೆಯೇ ತಲೆನೋವು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಮಾನವಿಕ ವಿಷಯದ ಒಂದು ಸಂಶೋಧನಾ ಲೇಖನಕ್ಕೆ 10 ಅಂಕ, ಇಡೀ ಪುಸ್ತಕದ ಅನುವಾದಕ್ಕೆ 8. ತತ್ತ್ವಶಾಸ್ತ್ರದ ಗ್ರಂಥವೊಂದನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ಕೂರುವವರಿಗೆ ಈ ಲೆಕ್ಕ ಹೇಳಲು ನನಗೆ ನಾಚಿಕೆಯಾಗುತ್ತದೆ. ನಿಯಮ ಬದಲಿಸುವ ಅಧಿಕಾರ ನನಗಿಲ್ಲ, ವಿಭಾಗದ ವರದಿಯ ಕ್ರಮ ನನ್ನ ಕೈಯಲ್ಲಿದೆ. ಅದರಲ್ಲಿ ಅನುವಾದವನ್ನು ಮೊದಲ ಪುಟಕ್ಕೇ ಹಾಕುತ್ತೇನೆ.

ಈಗ ಸ್ಟಾಫ್ ರೂಮಿನಲ್ಲಿ ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದೇವೆ. ಕಾರ್ಯಕ್ರಮ ಆದ ವಾರವೇ ಎರಡು ಸಾಲು ಬರೆಯಬೇಕು, ಆಹ್ವಾನ ಪತ್ರಿಕೆಯನ್ನೂ ಸಹಿ ಪಟ್ಟಿಯನ್ನೂ ಸ್ಕ್ಯಾನ್ ಮಾಡಬೇಕು. ಮಳೆಗಾಲ ಹಿಡಿದ ಮೇಲೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಅಪ್‌ಲೋಡ್‌ನ ಕೊನೆಯ ದಿನಾಂಕ ಮಾತ್ರ ಮಳೆಗಾಗಿ ಕಾಯುವುದಿಲ್ಲ.