ನಿಂತ್ಕೊಳ್ಳಿ ಯಜಮಾನ್ರೆ

ಎರಡು ವರ್ಷದಲ್ಲಿ ಅಪ್ಪನನ್ನು ಎಷ್ಟು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆನೋ ಲೆಕ್ಕ ಇಟ್ಟಿಲ್ಲ. ಎಲ್ಲ ಕಡೆ ಮೊದಲ ಮಾತು ಮಾತ್ರ ಒಂದೇ. "ಮಲಗಿ." ಅಪ್ಪ ಮಲಗುತ್ತಿದ್ದ, ಪ್ಯಾಂಟನ್ನು ಮೊಣಕಾಲವರೆಗೆ ಎತ್ತುತ್ತಿದ್ದ. ಎಡಗಾಲಿನ ಒಳಮಗ್ಗುಲಲ್ಲಿ, ಪಾದದ ಗಂಟಿನಿಂದ ನಾಲ್ಕು ಬೆರಳು ಮೇಲೆ ಒಂದು ಹುಣ್ಣು. ಅವರು ಹುಣ್ಣು ನೋಡುತ್ತಿದ್ದರು, ಚೀಟಿ ಬರೆಯುತ್ತಿದ್ದರು, ನಾವು ಮಾತ್ರೆ ಹಿಡಿದುಕೊಂಡು ಮನೆಗೆ ಬರುತ್ತಿದ್ದೆವು.

ಅಪ್ಪ ದಾವಣಗೆರೆಯಲ್ಲಿ ದೋಸೆ ಹಾಕುವವನು. ಬೆಣ್ಣೆ ದೋಸೆ, ಸೌದೆ ಒಲೆ. ಬೆಳಗ್ಗೆ ಆರಕ್ಕೆ ಕಾವಲಿ ಮುಂದೆ ನಿಂತರೆ ಹನ್ನೊಂದರವರೆಗೆ, ಮತ್ತೆ ಸಂಜೆ ನಾಲ್ಕರಿಂದ ಒಂಬತ್ತು. 31 ವರ್ಷ ಇದೇ. ಓಡಾಟ ಅಂತ ಏನೂ ಇಲ್ಲ, ಎಡಕ್ಕೆ ಹಿಟ್ಟು, ಬಲಕ್ಕೆ ಬೆಣ್ಣೆ, ಎರಡೂ ಕೈಗೆಟುಕುವಷ್ಟು ಹತ್ತಿರ. ಒಂದು ಸಲ ಸೌದೆಯ ಸಿಗುರು ಕಾಲಿಗೆ ಗೀರಿತು. ಆ ಗೀರೇ ಮಾಯಲಿಲ್ಲ.

ಮೊದಲು ಅಮ್ಮನ ಅರಿಶಿನ, ಬೇವಿನ ಸೊಪ್ಪು. ಆಮೇಲೆ ಮೆಡಿಕಲ್ ಶಾಪಿನವರು ಕೊಟ್ಟ ಪುಡಿ. ಅದು ಹಾಕಿದ ಮೇಲೆ ಸುತ್ತಲಿನ ಚರ್ಮವೆಲ್ಲ ತುರಿಸಿ ನೀರು ಸೋರತೊಡಗಿತು. ಆಮೇಲೆ ಆಂಟಿಬಯೋಟಿಕ್, ಒಂದು ಕೋರ್ಸ್ ಮುಗಿದರೆ ಇನ್ನೊಂದು. ಕಂಡವರೆಲ್ಲ "ಶುಗರ್ ಇರಬೇಕು" ಅಂದರು. ಪ್ರತಿ ಸಲ ಟೆಸ್ಟ್ ಮಾಡಿಸಿದರೂ ನಾರ್ಮಲ್. ಆದರೂ ಅಪ್ಪ ಎಂಟು ತಿಂಗಳು ಸಕ್ಕರೆ ಇಲ್ಲದ ಟೀ ಕುಡಿದ. ಸುಮ್ನೆ.

ಹುಣ್ಣಿಗಿಂತ ವಾಸನೆ ದೊಡ್ಡ ಕಷ್ಟವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಬ್ಯಾಂಡೇಜ್ ತೊಯ್ದು ಸಾಕ್ಸ್‌ಗೆ ಇಳಿಯುತ್ತಿತ್ತು. ಅಪ್ಪ ದಿನಕ್ಕೆ ಎರಡು ಸಲ ಸ್ನಾನ ಮಾಡಿ, ಮೈಗೆಲ್ಲ ಪೌಡರ್ ಹಾಕಿಕೊಂಡು ಹೋಗುತ್ತಿದ್ದ. ಯಾವಾಗಲೂ ಗಿರಾಕಿಗಳಿಗೆ ಕಾಣುವ ಹಾಗೆ ದೋಸೆ ಹಾಕುತ್ತಿದ್ದವನು ಮೂಲೆಗೆ ಸರಿದ. ಒಂದು ದಿನ ಓನರ್, "ನೀವು ಸ್ವಲ್ಪ ದಿನ ಒಳಗೆ ಹಿಟ್ಟು ರುಬ್ಬೋದು ನೋಡ್ಕಳಿ" ಅಂದರಂತೆ. ಇದನ್ನು ಅಪ್ಪ ನಮಗೆ ಹೇಳಲಿಲ್ಲ. ಹೋಟೆಲ್ ಹುಡುಗರಿಂದ ಗೊತ್ತಾಯಿತು. ಆ ವಾರವೇ ಊರಿನ ದೊಡ್ಡ ಆಸ್ಪತ್ರೆಯ ಸರ್ಜರಿ ಓಪಿಡಿಗೆ ಕರೆದುಕೊಂಡು ಹೋದೆ.

ನಮ್ಮ ಪಾಳಿ ಬರುವ ಹೊತ್ತಿಗೆ ಹನ್ನೆರಡೂವರೆ. ಒಳಗಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ, ನನಗಿಂತಲೂ ಚಿಕ್ಕವರಿರಬೇಕು. ಅಪ್ಪ ಅಭ್ಯಾಸಬಲದಿಂದ ಹೋಗಿ ಮಂಚದ ಮೇಲೆ ಮಲಗಿಯೇ ಬಿಟ್ಟ. ಅವರು ಕಾಲಿನ ಕಡೆ ನೋಡುವ ಮೊದಲೇ ಕೇಳಿದರು:

"ಏನು ಕೆಲಸ ಮಾಡ್ತೀರಿ?"

"ದೋಸೆ ಹಾಕ್ತೀನಿ ಮೇಡಂ."

"ಕೂತ್ಕೊಂಡಾ, ನಿಂತ್ಕೊಂಡಾ?"

ಅಪ್ಪನಿಗೆ ನಗು ಬಂತು. "ಕುಂತು ದೋಸೆ ಹಾಕಕ್ಕಾಗುತ್ತಾ ಮೇಡಂ?"

"ಹಾಗಾದ್ರೆ ಕೆಳಗಿಳೀರಿ. ಪ್ಯಾಂಟ್ ಬಿಚ್ಚಿ, ಟವೆಲ್ ಸುತ್ಕೊಳ್ಳಿ. ನಿಂತ್ಕೊಳ್ಳಿ ಯಜಮಾನ್ರೆ."

ಅರ್ಧ ನಿಮಿಷ ಆಗಿರಬಹುದು. ತೊಡೆಯ ಒಳಭಾಗದಿಂದ ಮೀನಖಂಡದವರೆಗೆ ಹಗ್ಗದಂಥ ರಕ್ತದ ನರಗಳು ಒಂದೊಂದಾಗಿ ಉಬ್ಬಿ ಬಂದವು. ಗಂಟು ಗಂಟು, ಹಸಿರು ನೀಲಿ. ಮಲಗಿದಾಗ ಅವು ಇರಲೇ ಇಲ್ಲ. ನಾನು ಬೆಚ್ಚಿಬಿದ್ದೆ. ಅಪ್ಪ ಮಾತ್ರ, "ಅದಾ? ಅದು ಇಪ್ಪತ್ತು ವರ್ಷದಿಂದ ಐತೆ. ನೋಯಲ್ಲ" ಅಂದ.

ಡಾಕ್ಟರಮ್ಮ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಕಾಲಿಗೆ ಇಳಿದ ರಕ್ತ ಮತ್ತೆ ಮೇಲೆ ಹತ್ತಬೇಕು. ಹತ್ತಿಸುವ ಪಂಪು ಮೀನಖಂಡ. ನಡೆದಾಗ ಅದು ಹಿಂಡುತ್ತದೆ. ಹಿಂಡಿದ ರಕ್ತ ವಾಪಸ್ ಬೀಳದಂತೆ ನರದೊಳಗೆ ಒಂದೇ ಕಡೆಗೆ ತೆರೆಯುವ ಬಾಗಿಲುಗಳಿವೆ. ನಿಂತಲ್ಲೇ ನಿಂತರೆ ಪಂಪು ಓಡುವುದಿಲ್ಲ. ಅಪ್ಪನ ಕಾಲಿನಲ್ಲಿ ಬಾಗಿಲುಗಳೂ ಕೆಟ್ಟಿದ್ದವು. ಕಾಲು ಇಳಿಬಿಟ್ಟಷ್ಟು ಹೊತ್ತೂ ಆ ಒತ್ತಡ ಪಾದದ ಗಂಟಿನ ಹತ್ತಿರ ನಿಂತುಬಿಡುತ್ತದೆ. ಕೆಂಪು ರಕ್ತಕಣಗಳು ಚರ್ಮದೊಳಕ್ಕೆ ಜಿನುಗುತ್ತವೆ, ಅದರಲ್ಲಿನ ಕಬ್ಬಿಣದ ಅಂಶ ಅಲ್ಲೇ ಉಳಿದು ಚರ್ಮ ಕಂದಾಗುತ್ತದೆ, ಗಟ್ಟಿಯಾಗುತ್ತದೆ. ಆ ಕಂದು ಬಣ್ಣವನ್ನು ನಾವು ಒಲೆಯ ಮಸಿ ಅಂದುಕೊಂಡಿದ್ದೆವು! ಅಮ್ಮ ಕಡಲೆಹಿಟ್ಟು ಹಾಕಿ ಉಜ್ಜುತ್ತಿದ್ದಳು. ಮೇಲೆ ದಪ್ಪ, ಪಾದದ ಹತ್ತಿರ ಸಣ್ಣ, ತಲೆಕೆಳಗಾದ ಸೋಡಾ ಬಾಟಲಿ ತರಹ ಕಾಲು ಆಗಿತ್ತಲ್ಲ, ಅದೂ ಇದರದ್ದೇ ಗುರುತು.

"ಕಾಲು ಎತ್ತಿಟ್ಟುಕೊಂಡರೆ ನೋವು ಜಾಸ್ತಿ ಆಗುತ್ತೋ, ಕಡಿಮೆ ಆಗುತ್ತೋ?" ಎಂದು ಕೇಳಿದರು. ಎರಡು ದಿಂಬು ಇಟ್ಟರೆ ಹಾಯ್ ಅನಿಸುತ್ತದೆ ಅಂದ ಅಪ್ಪ. ಅವರು ತಲೆಯಾಡಿಸಿ ಬರೆದುಕೊಂಡರು.

ಬಿಗಿಯಾಗಿ ಬ್ಯಾಂಡೇಜ್ ಕಟ್ಟುವುದೇ ಇದಕ್ಕೆ ಔಷಧಿ ಅಂದಾಗ ನಾನು ಹುಮ್ಮಸ್ಸಿನಿಂದ, "ನಾನು ಕ್ರೇಪ್ ಬ್ಯಾಂಡೇಜ್ ಕಟ್ಟಿದ್ದೆ ಮೇಡಂ" ಅಂದೆ. ಎಲ್ಲಿಂದ ಎಲ್ಲಿಗೆ ಅಂತ ಕೇಳಿದರು. ಹುಣ್ಣಿನ ಮೇಲೆ ಮಾತ್ರ, ಗಟ್ಟಿಯಾಗಿ. ಕ್ರಿಕೆಟ್ ಆಡುವವರು ಕಟ್ಟಿಕೊಳ್ಳುವುದಿಲ್ಲವೇ, ಹಾಗೆ. ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಹಾಗೆ ಕಟ್ಟಿದರೆ ಕೆಳಗಿನ ಪಾದ ಇನ್ನಷ್ಟು ಊದುತ್ತದೆ. ಅದೂ ಅಲ್ಲದೆ, ಕಾಲಿಗೆ ಇಳಿಯುವ ರಕ್ತವೇ ಕಡಿಮೆ ಇದ್ದವರಿಗೆ ಬಿಗಿ ಕಟ್ಟಿದರೆ ಕಾಲೇ ಹೋಗಬಹುದು. ಅಪ್ಪ ಬೀಡಿ ಸೇದುವವನು ಬೇರೆ. ಹಾಗಾಗಿ ಮೊದಲು ಒಂದು ಪರೀಕ್ಷೆ ಆಗಲೇಬೇಕು ಅಂದರು.

ಸಿಸ್ಟರ್ ಹತ್ತು ನಿಮಿಷ ಅಪ್ಪನನ್ನು ಮಲಗಿಸಿದರು. ಮೊದಲು ತೋಳಿಗೆ ಬಿಪಿ ಪಟ್ಟಿ, ಆಮೇಲೆ ಪಾದದ ಗಂಟಿನ ಮೇಲೆ. ರಕ್ತ ಹರಿಯುವ ಸದ್ದು ಕೇಳಿಸುವ, ಪೆನ್ನಿನಂಥ ಡಾಪ್ಲರ್‌ಗೆ ಜೆಲ್ ಹಚ್ಚಿ ಪಾದದ ಮೇಲಿಟ್ಟಾಗ ರೇಡಿಯೋದಲ್ಲಿ ಸ್ಟೇಷನ್ ಹುಡುಕುವಾಗಿನ ಗೊರಗೊರ. ಆಮೇಲೆ ಇದ್ದಕ್ಕಿದ್ದಂತೆ ಸುಯ್, ಸುಯ್, ಸುಯ್. ಅಪ್ಪ ಕಿವಿಗೊಟ್ಟು ಕೇಳುತ್ತಿದ್ದ. ತೋಳಿನಲ್ಲಿ 138, ಕಾಲಿನಲ್ಲಿ 144. ಕಾಲಿನದನ್ನು ತೋಳಿನದರಿಂದ ಭಾಗಿಸಿದರೆ 1.04. 0.8ಕ್ಕಿಂತ ಕಡಿಮೆ ಬಂದಿದ್ದರೆ ಹೀಗೆ ಬಿಗಿಯಾಗಿ ಕಟ್ಟುವಂತಿಲ್ಲ. 0.5ಕ್ಕಿಂತ ಕೆಳಗಾದರೆ ತಕ್ಷಣ ರಕ್ತನಾಳದ ಸರ್ಜನ್ ಹತ್ತಿರ ಓಡಬೇಕು. ಒಂದು ಬಿಪಿ ಮೆಷಿನ್ನು, ಒಂದು ಭಾಗಾಕಾರ. ಎರಡು ವರ್ಷದಲ್ಲಿ ಯಾರೂ ಇದನ್ನು ಮಾಡಿರಲಿಲ್ಲ. ಇದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಕಟ್ಟಿದ್ದು ನಾಲ್ಕು ಪದರ. ಹುಣ್ಣನ್ನು ಬರೀ ಉಪ್ಪುನೀರಿನಲ್ಲಿ ತೊಳೆದು, ಅಂಟದ ಡ್ರೆಸಿಂಗ್ ಇಟ್ಟು, ಮೊದಲು ದಪ್ಪ ಹತ್ತಿ, ಮೇಲೆ ಕ್ರೇಪ್, ಎಲಾಸ್ಟಿಕ್, ಕೊನೆಗೆ ತನಗೆ ತಾನೇ ಅಂಟುವ ಪಟ್ಟಿ. ಕಾಲ್ಬೆರಳ ಬುಡದಿಂದ ಮೊಣಕಾಲ ಕೆಳಗಿನವರೆಗೆ. ಪಾದದ ಗಂಟಿನ ಹತ್ತಿರ ಸುಮಾರು 40 ಮಿ.ಮೀ. ಪಾದರಸದಷ್ಟು ಒತ್ತಡ ಬೀಳಬೇಕು, ಮೇಲೆ ಹೋದಂತೆ ಕಡಿಮೆ. ಮೊದಲು ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಮ್ಮೆ ಬದಲಾಯಿಸುವುದು. ಪುಡಿ ಬಂದ್. ಆಂಟಿಬಯೋಟಿಕ್ಕೂ ಬಂದ್. ತೆರೆದ ಗಾಯದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತವಂತೆ. ಜ್ವರ, ಹರಡುವ ಕೆಂಪು, ಏರುವ ನೋವು ಇದ್ದರೆ ಮಾತ್ರ ಮಾತ್ರೆ. ಮೂರು ತಿಂಗಳಲ್ಲಿ ಕುಗ್ಗದಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ, ಅಪರೂಪಕ್ಕೆ ಕ್ಯಾನ್ಸರ್ ಇರಬಹುದು ಅಂದರು. ಈ ಮಾತನ್ನು ಅಮ್ಮನಿಗೆ ಹೇಳಲಿಲ್ಲ.

ಸ್ಕ್ಯಾನ್‌ನಲ್ಲೂ ಅಪ್ಪನನ್ನು ನಿಲ್ಲಿಸಿಯೇ ನೋಡಿದರು. ಮೀನಖಂಡ ಹಿಂಡಿ ಬಿಟ್ಟಾಗ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹರಿದರೆ ಬಾಗಿಲು ಕೆಟ್ಟಿದೆ ಅಂತ ಲೆಕ್ಕ. ಅಪ್ಪನದು ಹರಿಯುತ್ತಲೇ ಇತ್ತು. ಕೆಟ್ಟ ನರವನ್ನು ಲೇಸರ್‌ನಿಂದ ಮುಚ್ಚಬೇಕು. ಈಗಲೋ, ಹುಣ್ಣು ಮಾಗಿದ ಮೇಲೋ? ಮನೆಯಲ್ಲಿ ಎಲ್ಲರೂ "ಮೊದಲು ಮಾಗಲಿ" ಅಂದರು. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದನ್ನು ಡಾಕ್ಟರಮ್ಮ ತೋರಿಸಿದರು. 450 ಜನ. ಬ್ಯಾಂಡೇಜಿನ ಜೊತೆಗೆ ಬೇಗ ನರ ಮುಚ್ಚಿಸಿಕೊಂಡವರಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನದೊಳಗೆ ಮಾಗಿತ್ತು, ಕಾದವರಲ್ಲಿ ಅದಕ್ಕೆ 82 ದಿನ ಹಿಡಿದಿತ್ತು. ನಾವು ಮುಂಚೆಯೇ ಮಾಡಿಸಿದೆವು. ಬೆಳಗ್ಗೆ ಹೋದ ಅಪ್ಪ ಸಂಜೆ ನಡೆದುಕೊಂಡೇ ಬಂದ. ಮೊದಲ ಕಟ್ಟಿನಿಂದ ಲೆಕ್ಕ ಹಾಕಿದರೆ ಹನ್ನೊಂದನೇ ವಾರ ಹುಣ್ಣು ಮುಚ್ಚಿತು.

ಈಗಿನ ಜಗಳ ಬ್ಯಾಂಡೇಜಿನ ಬದಲು ಕಾಲನ್ನು ಬಿಗಿಹಿಡಿಯುವ ಸ್ಟಾಕಿಂಗ್ಸ್‌ದು. ಬೆಳಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಬೇಕು. ರಬ್ಬರ್ ಗ್ಲೌಸ್ ಹಾಕಿಕೊಂಡು ಎಳೆದರೆ ಸಲೀಸು ಅಂತ ಸಿಸ್ಟರ್ ಹೇಳಿಕೊಟ್ಟಿದ್ದಾರೆ. "ಏಪ್ರಿಲ್ ಬಿಸಿಲಾಗೆ ಇದನ್ನ ಹಾಕ್ಕಂಡು ಬೆಂಕಿ ಮುಂದೆ ನಿಲ್ಲು ಅಂತೀಯಲ್ಲ, ನೀನೊಂದಿನ ನಿಂತು ನೋಡು" ಅಂತಾನೆ ಅಪ್ಪ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಹಾಕದಿದ್ದರೆ ಹುಣ್ಣು ವಾಪಸ್ ಬರುವುದು ಬಹಳ ಸಾಮಾನ್ಯ ಅನ್ನುವುದೂ ಸುಳ್ಳಲ್ಲ.

ಅಂಗಡಿ ಕೆಲಸಗಾರರಿಗೆ ಕೂರಲು ಆಸನ ಕೊಡಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ಮಾಡಿವೆ. ಕೇರಳದಲ್ಲಿ ಅದಕ್ಕಾಗಿ ಹೋರಾಡಿದ್ದು ಬಟ್ಟೆ ಅಂಗಡಿಯ ಹೆಂಗಸರು. ಇದನ್ನು ಓನರಿಗೆ ಹೇಳಿದೆ. "ಅದು ಕೇರಳ ಕಣಪ್ಪ" ಅಂತ ನಕ್ಕರು. ಆದರೂ ಮಾರನೇ ದಿನ ಒಂದು ಪ್ಲಾಸ್ಟಿಕ್ ಸ್ಟೂಲ್ ತರಿಸಿದರು, ಅಪ್ಪನನ್ನು ಮತ್ತೆ ಮುಂದಿನ ಕಾವಲಿಗೆ ಕರೆದರು.

ಮೊನ್ನೆ ದೋಸೆ ತಿನ್ನಲು ಹೋಗಿದ್ದೆ. ಹಿಟ್ಟು ಹರಡಿ ದೋಸೆ ಬೇಯುವ ಹೊತ್ತಿಗೆ ಅಪ್ಪ ಹಿಮ್ಮಡಿ ಎತ್ತಿ, ಇಳಿಸಿ, ಎತ್ತಿ, ಇಳಿಸಿ, ಡಾಕ್ಟರಮ್ಮ ಹೇಳಿಕೊಟ್ಟ ವ್ಯಾಯಾಮ ಮಾಡುತ್ತಿದ್ದ. ಸ್ಟೂಲ್ ಪಕ್ಕದಲ್ಲೇ ಇತ್ತು. ಅದರ ಮೇಲೆ ಬೆಣ್ಣೆ ಡಬ್ಬಿ ಕೂತಿತ್ತು.